ಶೋಲಾವರಂ: ಕಲ್ಲು ನೆಡದ ಕಣ

ಗಡಿನಾಡಿನ ಚರಿತ್ರೆ ಎಂದೊಡನೆ ನಮ್ಮ ಕಣ್ಣು ಕಲ್ಲುಗಳತ್ತ ಹೊರಳುತ್ತದೆ. ಹೊಸೂರು, ಕೃಷ್ಣಗಿರಿಗಳ ಸುತ್ತಿನ ಹೊಲದ ಬದುಗಳಲ್ಲಿ, ಕೆರೆಯ ಏರಿಗಳ ಮೇಲೆ ನಿಂತ ವೀರಗಲ್ಲುಗಳನ್ನು ನೋಡುತ್ತ ಬೆಳೆದವರು ನಾವು. ತುರುಗಾಳಗದಲ್ಲಿ ಬಿದ್ದವನ ನೆನಪನ್ನು ಊರು ಕಲ್ಲಿನಲ್ಲಿ ಕಂಡರಿಸಿ ನಿಲ್ಲಿಸಿತು; ಆ ಕಲ್ಲು ಶತಮಾನಗಳ ಮಳೆಬಿಸಿಲನ್ನು ತಡೆದು ನಿಂತಿದೆ. ಆದರೆ ನಮ್ಮ ಕಣ್ಣೆದುರೇ, ನಲವತ್ತು ಐವತ್ತು ವರ್ಷಗಳ ಹಿಂದೆ, ನಮ್ಮ ಬೀದಿಗಳಿಂದಲೇ ಎದ್ದು ಹೋಗಿ ಇನ್ನೊಂದು ಬಗೆಯ ಕಣದಲ್ಲಿ ಸೆಣಸಿ ಬಂದವರ ಹೆಸರುಗಳನ್ನು ನಾವು ಎಲ್ಲಿಯೂ ಬರೆದಿಟ್ಟಿಲ್ಲ. ಆ ಕಣದ ಹೆಸರು ಶೋಲಾವರಂ. ಅಲ್ಲಿ ಈಗ ಪಂದ್ಯಗಳು ನಡೆಯುವುದಿಲ್ಲ. ಅಲ್ಲಿ ಓಡಿದವರಲ್ಲಿ ಅನೇಕರು ನಮ್ಮೊಡನೆ ಇಲ್ಲ. ಇರುವವರ ಬಾಯಲ್ಲಿ ಉಳಿದಷ್ಟನ್ನಾದರೂ ದಾಖಲಿಸುವುದು ಈ ಲೇಖನದ ಉದ್ದೇಶ.

ಮದರಾಸಿನಿಂದ ಉತ್ತರಕ್ಕೆ, ಕಲ್ಕತ್ತೆಯ ಹೆದ್ದಾರಿಯಲ್ಲಿ ರೆಡ್ ಹಿಲ್ಸ್ ದಾಟಿದರೆ ಶೋಲಾವರಂ. ನಗರಕ್ಕೆ ಕುಡಿಯುವ ನೀರುಣಿಸುವ ಕೆರೆಗಳಲ್ಲಿ ಒಂದು ಆ ಊರಿನದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲೊಂದು ವಿಮಾನಪಟ್ಟಿಯನ್ನು ನಿರ್ಮಿಸಲಾಯಿತು. ಯುದ್ಧ ಮುಗಿದ ಮೇಲೆ ಅದು ಬರಿದಾಗಿ ಬಿದ್ದಿತು. ಯುದ್ಧಾನಂತರದ ಜಗತ್ತಿನಲ್ಲಿ ಇಂಥ ಬರಿದಾದ ಓಡುದಾರಿಗಳು ಪಂದ್ಯದ ಪಥಗಳಾದುದು ಹೊಸತೇನಲ್ಲ. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಕೂಡ ವಾಯುಪಡೆಯ ನೆಲೆಯಾಗಿದ್ದು, 1948ರಿಂದ ಪಂದ್ಯಗಳಿಗೆ ತೆರೆದುಕೊಂಡಿತು. ನಮ್ಮ ದೇಶದಲ್ಲಿ ಕಲ್ಕತ್ತೆಯ ಬಳಿಯ ಬಾರಕ್‌ಪುರದ ವಿಮಾನಪಟ್ಟಿಯಲ್ಲಿಯೂ ಪಂದ್ಯಗಳು ನಡೆದವು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಶೋಲಾವರವನ್ನು ತನ್ನ ಕಣವಾಗಿಸಿಕೊಂಡಿತು. ಐವತ್ತರ ದಶಕದಿಂದ ಎಂಬತ್ತರ ದಶಕದ ಕೊನೆಯವರೆಗೆ ಅಲ್ಲಿನ ವಾರ್ಷಿಕ ಪಂದ್ಯವು ದಕ್ಷಿಣ ಭಾರತದ ಯಂತ್ರಪ್ರಿಯರಿಗೆ ಜಾತ್ರೆಯೇ ಆಗಿತ್ತು.

ವಿಮಾನಪಟ್ಟಿಗೆ ತಿರುವುಗಳಿರುವುದಿಲ್ಲ, ಅದನ್ನು ಕಟ್ಟಿದ್ದು ನೇರ ಓಟಕ್ಕಾಗಿ. ಆದ್ದರಿಂದ ಪಂದ್ಯಕ್ಕೆ ಬೇಕಾದ ತಿರುವುಗಳನ್ನು ಡ್ರಮ್ಮುಗಳನ್ನೂ ಹುಲ್ಲಿನ ಪೆಂಡಿಗಳನ್ನೂ ಇಟ್ಟು ಗುರುತಿಸಬೇಕಿತ್ತು. ಉದ್ದನೆಯ ನೇರದಲ್ಲಿ ಯಂತ್ರವು ತನ್ನ ವೇಗದ ತುದಿ ಮುಟ್ಟುವುದು. ಮರುಕ್ಷಣವೇ ಆ ವೇಗವನ್ನೆಲ್ಲ ಕಳೆದುಕೊಂಡು ಮುರಿದಂತೆ ತಿರುಗುವುದು. ಅಂದಿನ ಮೋಟಾರ್ ಸೈಕಲ್ಲುಗಳಿಗೆ ಇದ್ದುದು ಡ್ರಮ್ ಬ್ರೇಕು. ಕೆಲವು ಸುತ್ತುಗಳಾಗುವಷ್ಟರಲ್ಲಿ ಅದು ಕಾದು, ಹಿಡಿತ ಸಡಿಲುವುದು. ಮೊದಲ ಸುತ್ತಿನಲ್ಲಿ ಬ್ರೇಕು ಹಿಡಿದ ಜಾಗದಲ್ಲಿಯೇ ಐದನೆಯ ಸುತ್ತಿನಲ್ಲಿಯೂ ಹಿಡಿದವನು ನೇರವಾಗಿ ಹುಲ್ಲಿನ ಪೆಂಡಿಯೊಳಕ್ಕೆ ಹೋಗುತ್ತಿದ್ದನು. ಶೋಲಾವರಂ ಕಲಿಸಿದ ಮೊದಲ ಪಾಠ ಇದೇ ಎಂದು ನಮ್ಮ ಹಿರಿಯ ಸವಾರರು ಇಂದಿಗೂ ಹೇಳುತ್ತಾರೆ.

ಅಲ್ಲಿ ಸಿರಿವಂತರೂ ಓಡಿದರು. ರಾಜಮನೆತನದವರು, ಉದ್ಯಮಿಗಳು ವಿದೇಶದಿಂದ ತರಿಸಿದ ಕಾರುಗಳೊಡನೆ ಬಂದರು. ಬೆಂಗಳೂರಿನ ವಿಜಯ್ ಮಲ್ಯ ಅವರೂ ಅಲ್ಲಿ ಕಾರು ಓಡಿಸಿದರು. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು ಸ್ವದೇಶದಲ್ಲಿಯೇ ರೇಸಿನ ಕಾರುಗಳನ್ನು ಕಟ್ಟಿ ಒಂದು ಪೀಳಿಗೆಗೆ ದಾರಿ ತೋರಿದರು. ಅವರ ಕಥೆಗಳನ್ನು ಪತ್ರಿಕೆಗಳು ಬರೆದಿವೆ. ನಾವು ಹೇಳಹೊರಟಿರುವುದು ಕಾರಿನ ಪಂದ್ಯಕ್ಕೆ ಮೊದಲು ನಡೆಯುತ್ತಿದ್ದ ಮೋಟಾರ್ ಸೈಕಲ್ ಪಂದ್ಯಗಳ ಮಾತು. ಅದರಲ್ಲಿಯೂ ಮೇಲುನಾಡಿನಿಂದ ಇಳಿದು ಹೋದ ಸಾಮಾನ್ಯರ ಮಾತು.

ಅವರ ಯಂತ್ರ ಬಹುಮಟ್ಟಿಗೆ ಮೈಸೂರಿನದು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ ಹೊರಬರತೊಡಗಿತು. ಎಪ್ಪತ್ತರ ದಶಕದಲ್ಲಿ ಅದೇ ಯಂತ್ರ ಯೆಜ್ಡಿ ಎಂಬ ಹೆಸರನ್ನು ಧರಿಸಿತು. ಒಂದೇ ಸಿಲಿಂಡರಿಗೆ ಎರಡು ಹೊಗೆ ಕೊಳವೆ. ಕಿಕ್ಕರಿಗೂ ಗೇರಿಗೂ ಒಂದೇ ಸನ್ನೆ. ಹಳ್ಳಿಯ ದಾರಿಯಲ್ಲಿ ಮೂವರನ್ನು ಹೊತ್ತು ಓಡುತ್ತಿದ್ದ ಗಾಡಿಯೇ ಪಂದ್ಯದ ಗಾಡಿಯೂ ಆಗುತ್ತಿತ್ತು. ಪಂದ್ಯಕ್ಕೆಂದೇ ಇನ್ನೊಂದನ್ನು ಕೊಳ್ಳುವ ಶಕ್ತಿ ಯಾರಿಗಿತ್ತು? ಮೋಟೊಕ್ರಾಸ್ ಬೇರೆ, ನುಣುಪು ದಾರಿಯ ಪಂದ್ಯ ಬೇರೆ ಎಂಬ ಭೇದವೂ ನಮ್ಮವರ ಕೈಯಲ್ಲಿ ಒಂದು ದಿನದ ಕೆಲಸವಾಗಿತ್ತು. ಮಣ್ಣಿನ ಪಂದ್ಯಕ್ಕಾದರೆ ಮುಳ್ಳಿನ ಟೈರು, ಹಿಂಬದಿಗೆ ದೊಡ್ಡ ಹಲ್ಲುಗಾಲಿ, ಎತ್ತರದ ಹ್ಯಾಂಡಲ್. ಶೋಲಾವರಕ್ಕಾದರೆ ಸಾದಾ ಟೈರು, ಸಣ್ಣ ಹಲ್ಲುಗಾಲಿ, ತಗ್ಗಿನ ಹ್ಯಾಂಡಲ್. ಬೆಂಗಳೂರಿನಿಂದ, ಮೈಸೂರಿನಿಂದ ಹೊರಟವರು ಹೊಸೂರಿನಲ್ಲಿ ಚಹ ಕುಡಿದು, ಕೃಷ್ಣಗಿರಿ, ವೇಲೂರುಗಳ ದಾರಿಯಲ್ಲಿ ರಾತ್ರಿಯೆಲ್ಲ ಸವಾರಿ ಮಾಡಿ ಮದರಾಸು ಸೇರುತ್ತಿದ್ದರು. ಅಲ್ಲಿ ದೀಪ, ಕನ್ನಡಿ, ನಂಬರ್ ಫಲಕಗಳನ್ನು ಬಿಚ್ಚಿ ಗೋಣಿಯಲ್ಲಿ ಕಟ್ಟಿಡುತ್ತಿದ್ದರು. ಪಂದ್ಯ ಮುಗಿದ ಮೇಲೆ ಯಂತ್ರ ಉಳಿದಿದ್ದರೆ ಅದೇ ದೀಪವನ್ನು ಸಿಕ್ಕಿಸಿಕೊಂಡು ಮನೆಗೆ ಮರಳುತ್ತಿದ್ದರು. ಉಳಿಯದಿದ್ದರೆ ಲಾರಿಯವನ ಕೈಕಾಲು ಹಿಡಿಯುತ್ತಿದ್ದರು.

ನಮ್ಮಲ್ಲಿ ಕೆಲವರು ಸವಾರರಾಗಿ, ಹೆಚ್ಚಿನವರು ಸಾಮಾನು ಹೊರುವ ಹುಡುಗರಾಗಿ ಈ ತಂಡಗಳನ್ನು ಸೇರಿಕೊಂಡೆವು. ನಮ್ಮ ಊರು ದಾರಿಯಲ್ಲಿತ್ತು. ನಮಗೆ ಕನ್ನಡವೂ ತಮಿಳೂ ಬರುತ್ತಿತ್ತು. ಮೈಸೂರಿನ ಮೆಕ್ಯಾನಿಕ್ಕನಿಗೆ ಮದರಾಸಿನ ಅಂಗಡಿಯಲ್ಲಿ ಒಂದು ಬೇರಿಂಗು ಬೇಕಾದಾಗ ನಾವು ಅವನ ನಾಲಗೆಯಾದೆವು. ಗಡಿಯಲ್ಲಿ ಹುಟ್ಟಿದವನಿಗೆ ಎರಡು ಭಾಷೆಯ ಋಣವಿದೆ ಎಂದು ಸಭೆಗಳಲ್ಲಿ ಹೇಳುತ್ತೇವೆ. ಆ ಋಣ ಸಂದಾಯವಾಗುವುದನ್ನು ನಾವು ಕಂಡುದು ಹರಳೆಣ್ಣೆಯ ಹೊಗೆಯ ನಡುವೆ.

ಆ ಹೊಗೆಯ ಮಾತನ್ನು ಹೇಳದೆ ಮುಂದೆ ಹೋಗಲಾಗದು. ಟೂ-ಸ್ಟ್ರೋಕ್ ಯಂತ್ರಕ್ಕೆ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಬೇಕು. ಪಂದ್ಯದವರು ಹರಳೆಣ್ಣೆಯಿಂದ ಮಾಡಿದ ರೇಸಿನ ಎಣ್ಣೆಯನ್ನು ಮೆಚ್ಚುತ್ತಿದ್ದರು. ಕಡುತಾಪದಲ್ಲಿಯೂ ಅದು ಪಿಸ್ಟನ್ನಿಗೆ ಅಂಟಿ ನಿಲ್ಲುತ್ತದೆ. ಅದು ಸುಟ್ಟಾಗ ಏಳುವ ಸಿಹಿಗಂಪನ್ನು ಒಮ್ಮೆ ಮೂಸಿದವನು ಮರೆಯಲಾರ. ತಲೆಗೆ ಹರಳೆಣ್ಣೆ ತಿಕ್ಕಿಸಿಕೊಂಡು ಬೆಳೆದ ನಮಗೆ ಆ ವಾಸನೆ ಏಕಕಾಲಕ್ಕೆ ಅಜ್ಜಿಯ ಮನೆಯನ್ನೂ ಶೋಲಾವರವನ್ನೂ ನೆನಪಿಗೆ ತರುತ್ತದೆ.

ಮೇಲುನಾಡಿನಿಂದ ಹೋದವರಿಗೆ ಒಂದು ವಿಶೇಷ ತೊಡಕಿತ್ತು. ಹೊಸೂರು, ಬೆಂಗಳೂರುಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿವೆ; ಶೋಲಾವರಂ ಕಡಲ ಸಮೀಪದ ಬಯಲು. ಕೆಳಗಿಳಿದಂತೆ ಗಾಳಿ ಸಾಂದ್ರವಾಗುತ್ತದೆ. ಬೆಂಗಳೂರಿನ ಗಾಳಿಗೆ ಹದಗೊಳಿಸಿದ ಕಾರ್ಬ್ಯುರೇಟರು ಮದರಾಸಿನಲ್ಲಿ ಅದೇ ಪ್ರಮಾಣದ ಪೆಟ್ರೋಲನ್ನು ಹೆಚ್ಚು ಗಾಳಿಗೆ ಬೆರೆಸುತ್ತದೆ. ಮಿಶ್ರಣ ತೆಳುವಾಗಿ, ಉರಿ ಹೆಚ್ಚಾಗಿ, ಪಿಸ್ಟನ್ನು ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಕೆಲವೊಮ್ಮೆ ಅದರ ನೆತ್ತಿಯೇ ಕರಗಿ ತೂತಾಗುತ್ತದೆ. ಇದನ್ನು ಅರಿಯದೆ ಹೋದ ಮೊದಲ ವರ್ಷ ನಮ್ಮ ತಂಡದ ಗಾಡಿ ಅಭ್ಯಾಸದ ಸುತ್ತಿನಲ್ಲಿಯೇ ಕಚ್ಚಿಕೊಂಡಿತು. ರಾತ್ರಿಯಿಡೀ ಬಂದ ದಾರಿಗೆ ದೊರೆತ ಫಲ ಆರು ನಿಮಿಷದ ಓಟ. ದೋಷ ನಮ್ಮದೇ ಆಗಿತ್ತು. ಮರುವರ್ಷ ಕಿಸೆಯಲ್ಲಿ ಬೇರೆ ಬೇರೆ ಅಳತೆಯ ಹಿತ್ತಾಳೆಯ ಜೆಟ್ಟುಗಳನ್ನು ಬೆಂಕಿಪೊಟ್ಟಣದಲ್ಲಿ ತುಂಬಿಕೊಂಡು ಹೋದೆವು. ಸೂಜಿಮೊನೆಯಷ್ಟು ಸಣ್ಣ ಆ ರಂಧ್ರಗಳಲ್ಲಿ ಘಟ್ಟಕ್ಕೂ ಕಡಲಿಗೂ ಇರುವ ಅಂತರವೆಲ್ಲ ಅಡಗಿತ್ತು.

ಮಿಶ್ರಣ ಹದವಾಗಿದೆಯೇ ಎಂದು ತಿಳಿಯಲು ಅಂದು ಯಾವ ಉಪಕರಣವೂ ಇರಲಿಲ್ಲ. ಪೂರ್ಣ ವೇಗದಲ್ಲಿ ಓಡಿಸಿ, ಯಂತ್ರವನ್ನು ಥಟ್ಟನೆ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು. ಸುಣ್ಣದಂತೆ ಬೆಳ್ಳಗಿದ್ದರೆ ಕಡಿಮೆ, ಅಪಾಯ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಸರಿ. ಇದನ್ನು 'ಪ್ಲಗ್ ಓದುವುದು' ಎನ್ನುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದ ಮೆಕ್ಯಾನಿಕ್ಕರು ಪ್ಲಗ್ಗನ್ನು ಓದುತ್ತಿದ್ದ ಬಗೆಯನ್ನು ನೋಡಿದ್ದೇವೆ. ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ತುದಿಯಿಂದ ಬುಡದವರೆಗೆ ತಿರುಗಿಸಿ ನೋಡುವುದು. ಆಮೇಲೆ ಮಾತಿಲ್ಲದೆ ಒಂದು ಜೆಟ್ಟನ್ನು ಆರಿಸಿ ಕೊಡುವುದು. ಸಾಹಿತ್ಯದ ಸಮಾವೇಶದಲ್ಲಿ ಓದು ಎಂಬುದರ ಅರ್ಥವನ್ನು ಚರ್ಚಿಸುವಾಗ ಈ ಓದುಗರನ್ನೂ ನೆನೆಯಬೇಕೆಂಬುದು ನಮ್ಮ ವಿನಂತಿ.

ಸವಾರನಿಗೂ ಒಂದು ವಿದ್ಯೆ ಬೇಕಿತ್ತು. ನೇರದ ಕೊನೆಯಲ್ಲಿ ಪಿಸ್ಟನ್ನು ಕಚ್ಚಿಕೊಂಡರೆ ಹಿಂಬದಿಯ ಗಾಲಿ ಸೆಟೆದು ನಿಲ್ಲುತ್ತದೆ. ಆ ವೇಗದಲ್ಲಿ ಅದು ಮೂಳೆಗಳ ಲೆಕ್ಕ. ಆದ್ದರಿಂದ ಎಡಗೈಯ ಎರಡು ಬೆರಳುಗಳು ಸದಾ ಕ್ಲಚ್ಚಿನ ಮೇಲಿರಬೇಕು. ಯಂತ್ರದ ದನಿ ಒಂದಿಷ್ಟು ಬಿಗಿದಂತೆ ಕೇಳಿದೊಡನೆ ಕ್ಲಚ್ಚನ್ನು ಎಳೆಯಬೇಕು. ಕಿವಿಗೂ ಬೆರಳಿಗೂ ನಡುವೆ ಯೋಚನೆಗೆ ಎಡೆಯಿಲ್ಲ. ನಮ್ಮ ಹಿರಿಯ ಸವಾರರೊಬ್ಬರು ಈಗ ಗೇರಿಲ್ಲದ ಸ್ಕೂಟರಿನಲ್ಲಿ ಮೊಮ್ಮಗಳನ್ನು ಶಾಲೆಗೆ ಬಿಡುತ್ತಾರೆ. ಅದಕ್ಕೆ ಕ್ಲಚ್ಚು ಎಂಬುದೇ ಇಲ್ಲ. ಆದರೂ ಅವರ ಎಡಗೈಯ ಎರಡು ಬೆರಳುಗಳು ಚಾಚಿಕೊಂಡೇ ಇರುವುದನ್ನು ನಾವು ಕಂಡಿದ್ದೇವೆ. ಕೇಳಿದರೆ, ತಮಗೆ ಅದು ಗೊತ್ತೇ ಇರಲಿಲ್ಲವೆಂದು ನಕ್ಕರು.

ಎಂಬತ್ತರ ದಶಕ ಎಲ್ಲವನ್ನೂ ಬದಲಿಸಿತು. 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಟಿವಿಎಸ್ 50 ಮೊಪೆಡ್ ಹೊರಬಂತು; 1982ರಲ್ಲಿ ಆ ಸಂಸ್ಥೆ ತನ್ನದೇ ರೇಸಿಂಗ್ ತಂಡವನ್ನು ಕಟ್ಟಿತು. 1983ರಲ್ಲಿ ರಾಜ್‌ದೂತ್ 350, 1984ರಲ್ಲಿ ಇಂಡ್-ಸುಝುಕಿ, 1985ರಲ್ಲಿ ಯಮಾಹಾ ಆರ್‌ಎಕ್ಸ್ 100 ಬಂದವು. ಜಪಾನಿನ ತಂತ್ರಜ್ಞಾನದ ಮುಂದೆ ಅರದಿಂದ ಉಜ್ಜಿ ಹದಗೊಳಿಸಿದ ಯೆಜ್ಡಿ ಬಳಲಿತು. ಕಾರ್ಖಾನೆಗಳ ತಂಡಗಳು, ಸಂಬಳದ ಸವಾರರು, ಸಮವಸ್ತ್ರದ ಮೆಕ್ಯಾನಿಕ್ಕರು ಬಂದರು. ಹೊಸೂರಿನ ಹುಡುಗರಿಗೆ ಈ ಬದಲಾವಣೆ ಕೆಲಸವನ್ನೂ ಅನ್ನವನ್ನೂ ಕೊಟ್ಟಿತೆಂಬುದನ್ನು ನಾವು ಮರೆಯಬಾರದು. ಮೈಸೂರಿಗೆ ಅದು ಬೇರೆ ಬಗೆಯಲ್ಲಿ ಬಂತು; ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು.

ಅದಕ್ಕೂ ಮೊದಲೇ ಶೋಲಾವರಂ ಮೌನವಾಗಿತ್ತು. 1990ರಲ್ಲಿ ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟೈಯಲ್ಲಿ, ಬೆಂಗಳೂರಿನ ಹೆದ್ದಾರಿಯ ಪಕ್ಕದಲ್ಲಿ, ಪಂದ್ಯಕ್ಕೆಂದೇ ಕಟ್ಟಿದ ಪಥ ತೆರೆಯಿತು. ಅದರ ಸುತ್ತಳತೆ ಸುಮಾರು 3.7 ಕಿಲೋಮೀಟರ್. ತಿರುವುಗಳಿಗೆ ಲೆಕ್ಕಾಚಾರವಿತ್ತು, ಜಾರಿದವನಿಗೆ ನಿಲ್ಲಲು ಜಾಗವಿತ್ತು, ನೋಡುವವನಿಗೂ ಓಡುವವನಿಗೂ ನಡುವೆ ದೂರವಿತ್ತು. ಹಳೆಯದನ್ನು ನೆನೆದು ಹಲುಬುವವರು ಇದನ್ನು ಒಪ್ಪಲೇಬೇಕು. ಶೋಲಾವರದಲ್ಲಿ ಜನಸ್ತೋಮಕ್ಕೂ ಯಂತ್ರಕ್ಕೂ ನಡುವೆ ಇದ್ದುದು ಬಹಳ ಕಡೆ ಒಂದು ಹುಲ್ಲಿನ ಪೆಂಡಿ ಮಾತ್ರ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ಪೆಂಡಿಯ ಹಿಂದೆ ನಿಂತವರಲ್ಲಿ ನಾವೂ ಇದ್ದೆವು. ಇಂದು ಅದನ್ನು ನೆನೆದರೆ ಮೈ ನಡುಗುತ್ತದೆ. ಆ ಕಣ ಮುಚ್ಚಿದ್ದು ಅನ್ಯಾಯವಲ್ಲ. ಅನ್ಯಾಯವಾದುದು ಅದರ ನೆನಪಿಗೆ. ಅದನ್ನು ಮಾಡಿದವರು ಬೇರೆ ಯಾರೂ ಅಲ್ಲ, ನಾವೇ.

ಏಕೆಂದರೆ ಗೆದ್ದವರ ಹೆಸರುಗಳು ಎಲ್ಲಿಯಾದರೂ ಸಿಗುತ್ತವೆ. ಸೋತವರ, ಬಿದ್ದವರ, ಸ್ಪ್ಯಾನರ್ ಹಿಡಿದವರ ಹೆಸರುಗಳು ಸಿಗುವುದಿಲ್ಲ. ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಒಂದು ಛಾಯಾಚಿತ್ರವಿದೆ. ದೀಪ ಬಿಚ್ಚಿದ ಯೆಜ್ಡಿಯ ಸುತ್ತ ಐವರು ನಿಂತಿದ್ದಾರೆ. ಹಿಂದೆ ಬಯಲು, ಬಿಸಿಲು. ಇಬ್ಬರನ್ನು ಗುರುತಿಸಬಲ್ಲೆವು. ಮೂರನೆಯವನು ಮೈಸೂರಿನವನೆಂದು ಒಬ್ಬರು, ಚಾಮರಾಜನಗರದವನೆಂದು ಇನ್ನೊಬ್ಬರು ಹೇಳುತ್ತಾರೆ. ಉಳಿದಿಬ್ಬರನ್ನು ಬಲ್ಲವರು ಯಾರೂ ಸಿಕ್ಕಿಲ್ಲ. ಚಿತ್ರದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಒಂದು ಜೆಟ್ಟಿನ ಅಳತೆ ಇದೆ. ಒಬ್ಬರ ಹೆಸರೂ ಇಲ್ಲ. ಅಂದು ಮುಖ್ಯವೆನಿಸಿದ್ದನ್ನು ಅವರು ಬರೆದುಕೊಂಡರು. ಹೆಸರನ್ನು ಮರೆಯುವ ಕಾಲ ಬರುತ್ತದೆಂದು ಅವರಿಗೆ ತೋರಿರಲಾರದು.

ವೀರಗಲ್ಲನ್ನು ನಿಲ್ಲಿಸಿದವರು ಬಿದ್ದವನ ಬಂಧುಗಳು, ಊರವರು. ಅರಸನ ಅಪ್ಪಣೆಗಾಗಿ ಎಲ್ಲರೂ ಕಾಯಲಿಲ್ಲ. ನಮಗೂ ಯಾರ ಅಪ್ಪಣೆಯೂ ಬೇಕಿಲ್ಲ. ಹೊಸೂರು, ತಾಳವಾಡಿ ಸೀಮೆಗಳ ಮನೆಗಳಲ್ಲಿ, ಬೆಂಗಳೂರು ಮೈಸೂರುಗಳ ಹಳೆಯ ಗ್ಯಾರೇಜುಗಳಲ್ಲಿ ಇಂಥ ಚಿತ್ರಗಳು ಇನ್ನೂ ಇರಬಹುದು. ಅವನ್ನು ಹೊರತೆಗೆದು, ಬಲ್ಲ ಹಿರಿಯರ ಮುಂದಿಟ್ಟು, ಹಿಂಬದಿಯಲ್ಲಿ ಹೆಸರು, ಊರು, ವರ್ಷಗಳನ್ನು ಬರೆದಿಡಬೇಕೆಂದು ಓದುಗರಲ್ಲಿ ನಮ್ಮ ಪ್ರಾರ್ಥನೆ. ಸಮಾವೇಶದ ದಿನಗಳಲ್ಲಿ ಸಂಘದ ಮೇಜಿನ ಮೇಲೆ ನಮ್ಮ ಚಿತ್ರವೂ ಇರುತ್ತದೆ. ಆ ಮೂವರಲ್ಲಿ ಯಾರನ್ನಾದರೂ ಬಲ್ಲವರು ದಯವಿಟ್ಟು ತಿಳಿಸಬೇಕು. ಪೆನ್ಸಿಲನ್ನು ಪಕ್ಕದಲ್ಲಿಯೇ ಇಟ್ಟಿರುತ್ತೇವೆ.