ಎರಡು ರೂಪಾಯಿ ನೋಟಿನ ಆರ್ಯಭಟ, ಪೆಟ್ಟಿಗಿಯೊಳಗಿನ ಸೂರ್ಯ

ಅಕ್ಕಾರ, ಹಳೇ ಎರಡು ರೂಪಾಯಿ ನೋಟು ಯಾರದರ ಟ್ರಂಕಿನ್ಯಾಗ ಇದ್ರ ತಗದು ನೋಡ್ರಿ. ಹುಲಿ ಚಿತ್ರದ್ದಲ್ಲ, ಅದರ ನಂತರ ಬಂದದ್ದು. ಹಿಂದಿನ ಮಗ್ಗಲಿಗೆ ಮೈತುಂಬ ಮೂಲಿ ಇರೋ ದುಂಡನ್ನದೊಂದು ಐತಲ್ಲ, ಅದೇ ಆರ್ಯಭಟ, ನಮ್ಮ ದೇಶದ ಮೊದಲನೇ ಉಪಗ್ರಹ.

ಅದನ್ನ ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳೊಳಗ. ಮುಂದಾಳು ಉಡುಪಿ ಕಡೆ ಅದಮಾರಿನ ಯು.ಆರ್. ರಾವ್. 360 ಕಿಲೋ ತೂಕ, 26 ಮುಖ. 1975ರ ಏಪ್ರಿಲ್ 19ಕ್ಕ ರಷ್ಯಾದ ಕಪುಸ್ತಿನ್ ಯಾರ್‌ನಿಂದ ಮ್ಯಾಲೇರಿತು. ಮೈಗೆ ಹಚ್ಚಿದ್ದ ಸೌರಕೋಶಗಳಿಂದ ಸಿಗತಿದ್ದ ಕರೆಂಟು ಬರೇ 46 ವ್ಯಾಟ್. ನಮ್ಮ ಪಡಸಾಲಿಯ ಹಳೇ 60ರ ಬಲ್ಬಿಗೂ ಸಾಲಂಗಿಲ್ಲ! ಆದ್ರ ನಾಕೈದು ದಿನದಾಗ ಆ ಕರೆಂಟೇ ಕೈಕೊಟ್ತು, ವಿಜ್ಞಾನದ ಪ್ರಯೋಗ ನಿಂತುಬಿಟ್ಟವು. ಅಷ್ಟು ಎತ್ತರಕ್ಕ ರಿಪೇರಿಗೆ ಯಾರು ಹೋಗಬೇಕು?

ಅದಕ್ಕ ನೆಲದ ಮ್ಯಾಲೆ ಇದ್ದಾಗಲೇ ಕಾಡಿಸಿ ನೋಡಬೇಕು. ಕ್ವಾಣಿಯೊಳಗ ಸೂರ್ಯ ಎಲ್ಲಿಂದ ಬರಬೇಕು? ಆ ಕೆಲಸ ಮಾಡೋದು ಡಿಸಿ ಪವರ್ ಸಪ್ಲೈ ಅನ್ನೋ ಪೆಟ್ಟಿಗಿ. ಗ್ವಾಡಿ ಪ್ಲಗ್ಗಿನ ಕರೆಂಟು ಸೆಕೆಂಡಿಗೆ 50 ಸಲ ಹಿಂದಮುಂದ ಆಡತೈತಿ. ಈ ಪೆಟ್ಟಿಗಿ ಅದನ್ನ ಬ್ಯಾಟರಿಯದ್ದರಂಗ ಒಂದೇ ದಿಕ್ಕಿಗೆ ಹರಿಸಿ, ಹೇಳಿದಷ್ಟೇ ವೋಲ್ಟು ಕೊಡತೈತಿ. ಕರೆಂಟು ಮಿತಿ ಮೀರಿತಂದ್ರ, ಅನ್ನ ಉಕ್ಕೂಮುಂದ ನಾವು ಒಲಿಯಾಗಿನ ಕಟಗಿ ಹಿಂದಕ್ಕ ಎಳೀತೀವಲ್ಲ, ಹಂಗ ತಾನೇ ತಗ್ಗಸತೈತಿ. 19 ಇಂಚು ಅಗಲದ ಕಬ್ಬಿಣದ ಚೌಕಟ್ಟಿನ್ಯಾಗ ಒಂದರ ಮ್ಯಾಲೊಂದು ಕೂಡಸ್ತಾರ, ಥೇಟ್ ನಮ್ಮ ಪಾತ್ರಿ ಸ್ಟ್ಯಾಂಡು.

ಮೊದಲಿಗೆ ಗುಬಟಿ ತಿರುವಿ, ಮುಳ್ಳು ನೋಡಿ ಹೊಂದಿಸೋದು ಇತ್ತು. ಮುಂದ ಇಂಥಾ ಯಂತ್ರಗಳು ವಯರಿನ ಮ್ಯಾಲೆ ಕಂಪ್ಯೂಟರಿನ ಮಾತು ಕೇಳೂದಕ್ಕ ಎಚ್‌ಪಿ ಕಂಪನಿಯವರು ಒಂದು ಪದ್ಧತಿ ಮಾಡಿದ್ರು. ಅದು ಐಇಇಇ 488 ಅನ್ನೋ ಹೆಸರಿಲೆ ಜಗತ್ತಿಗೆಲ್ಲ ಒಂದೇ ನೇಮ ಆದದ್ದೂ 1975ರಾಗೇ, ಆರ್ಯಭಟ ಹಾರಿದ ವರ್ಷ. ಈಗ ಹತ್ತತ್ರ ಒಂದೂವರೆ ತಾಸಿಗೊಮ್ಮೆ ಭೂಮಿ ಸುತ್ತೋ ಉಪಗ್ರಹಕ್ಕ ಇಷ್ಟು ಹೊತ್ತು ಬಿಸಿಲು, ಇಷ್ಟು ಹೊತ್ತು ಕತ್ತಲಿ ಅಂತ ಬರದಿಟ್ರ, ಪೆಟ್ಟಿಗಿ ರಾತ್ರಿಯೆಲ್ಲಾ ತಾನೇ ಆಡಸತೈತಿ. ಕುಂತವರು ನಿದ್ದಿಗೆಡೂದು ತಪ್ಪಿತು.

1981ರ ಜೂನ್ 19ಕ್ಕ ಹಾರಿದ ಆಪಲ್ ಉಪಗ್ರಹದ ಫೋಟೋ ನೀವು ನೋಡಿರಬೇಕು, ಚಕ್ಕಡಿ ಮ್ಯಾಲೆ ಕುಂತದ್ದು. ಲೋಹದ ಗಾಡಿಯಾದ್ರ ಆಂಟೆನಾ ಪರೀಕ್ಷೆ ಕೆಡತೈತಿ ಅಂತ ಕಟಗಿ ಬಂಡಿ ತಂದಿದ್ರು, ಬಡತನಕ್ಕಲ್ಲ. ಮ್ಯಾಲೆ ಹೋದಮ್ಯಾಲೆ ಅದರ ಎರಡು ಸೌರ ರೆಕ್ಕಿಯೊಳಗ ಒಂದು ಬಿಚ್ಚಲೇ ಇಲ್ಲ. ಉಳಿದೊಂದರ ಕರೆಂಟಿನ್ಯಾಗೇ ಸಂಸಾರ ತೂಗಿಸಿ, ಎರಡು ವರ್ಷಕ್ಕಿಂತ ಹೆಚ್ಚು ದುಡೀತು. ನನಗಂತೂ ಆರ್ಯಭಟಕ್ಕಿಂತ ಇದರ ಮ್ಯಾಲೇ ಪ್ರೀತಿ ಜಾಸ್ತಿ.

ಇದೇ ಜಾತಿ ಪೆಟ್ಟಿಗಿ ಈಗ ಹೊಲದ ಸೋಲಾರ್ ಪಂಪಿನ ಇನ್ವರ್ಟರ್ ಮಾಡೋರ ಕಡೆನೂ ಬಂದಾವು. ಹೇಮಗುಡ್ಡದ ಮಟಮಟ ಮಧ್ಯಾಹ್ನದ ಬಿಸಿಲು, ಗುಡ್ಡದ ಮ್ಯಾಲೆ ಮೋಡ ಬಂದು ತಟ್ಟನೆ ಮಬ್ಬಾಗೋದು, ಎರಡನ್ನೂ ಅದು ಕುಂತಲ್ಲೇ ತೋರಸತೈತಿ.