ಅಲುಗಾಡದ ವಿಡಿಯೊಗೆ ಗಿಂಬಲ್: ಯಾರಿಗೆ ಬೇಕು, ಯಾವುದು ಸಾಕು

ರಾಜ್ಯೋತ್ಸವದ ಮೆರವಣಿಗೆ, ಕನ್ನಡ ಶಾಲೆಯ ವಾರ್ಷಿಕೋತ್ಸವ, ಊರ ಜಾತ್ರೆ, ರಾತ್ರಿಯಿಡೀ ನಡೆಯುವ ಬಯಲಾಟ: ನಮ್ಮ ಊರುಗಳ ಇಂಥ ಕಾರ್ಯಕ್ರಮಗಳ ವಿಡಿಯೊಗಳಲ್ಲಿ ಹೆಚ್ಚಿನವು ಮೊಬೈಲ್ ಕೈಯಲ್ಲಿ ಹಿಡಿದು, ಜನರ ನಡುವೆ ನಡೆಯುತ್ತ ತೆಗೆದವು. ಎರಡು ನಿಮಿಷ ನೋಡುವಷ್ಟರಲ್ಲಿ ಕಣ್ಣು ದಣಿಯುತ್ತದೆ. ಗಡಿಯಾಚೆಯ ಕನ್ನಡದ ಬದುಕಿಗೆ ಎಷ್ಟೋ ಕಡೆ ಈ ವಿಡಿಯೊ ಬಿಟ್ಟರೆ ಬೇರೆ ದಾಖಲೆಯೇ ಇರುವುದಿಲ್ಲ. ಶಾಲೆಯಲ್ಲಿ ಕನ್ನಡ ಮಾಧ್ಯಮದ ತರಗತಿ ನಿಂತುಹೋದ ಮೇಲೆ ಅಲ್ಲಿನ ಮಕ್ಕಳ ನಾಟಕವನ್ನು ಮತ್ತೆ ಚಿತ್ರಿಸಲು ಆಗದು. ಗಿಂಬಲ್ ಕೊಳ್ಳುವ ಯೋಚನೆಯಲ್ಲಿರುವ ಸದಸ್ಯರಿಗಾಗಿ ನಮಗೆ ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ಗಿಂಬಲ್ ಎಂದರೆ ಮೊಬೈಲ್ ಅಥವಾ ಕ್ಯಾಮೆರಾವನ್ನು ಮೋಟಾರುಗಳ ಮೇಲೆ ಕೂರಿಸಿದ ಹಿಡಿಕೆ. ಒಳಗಿನ ಸಂವೇದಕ ಕೈ ಎತ್ತ ವಾಲಿತೆಂದು ಕ್ಷಣಕ್ಷಣಕ್ಕೂ ಅಳೆಯುತ್ತದೆ, ಮೋಟಾರು ಅಷ್ಟೇ ಪ್ರಮಾಣದಲ್ಲಿ ಎದುರು ದಿಕ್ಕಿಗೆ ತಿರುಗಿ ಅದನ್ನು ಸರಿದೂಗಿಸುತ್ತದೆ. ಎಡಬಲಕ್ಕೆ ತಿರುಗುವುದು ಪ್ಯಾನ್, ಮೇಲೆ ಕೆಳಗೆ ಬಾಗುವುದು ಟಿಲ್ಟ್, ಪಕ್ಕಕ್ಕೆ ವಾಲುವುದು ರೋಲ್. ಈ ಮೂರಕ್ಕೂ ಒಂದೊಂದು ಮೋಟಾರು ಇದ್ದರೆ ಅದು ಮೂರು ಅಕ್ಷದ ಗಿಂಬಲ್. ಅಗ್ಗಕ್ಕೆ ಸಿಗುವ ಒಂದೇ ಅಕ್ಷದ ಕೋಲುಗಳು ಸೆಲ್ಫಿ ಸ್ಟಿಕ್‌ನ ಅಣ್ಣತಮ್ಮಂದಿರು. ಅವುಗಳಿಗೆ ದುಡ್ಡು ಹಾಕಬೇಡಿ.

ಗಿಂಬಲ್ ಮಾಡದ ಕೆಲಸವನ್ನೂ ತಿಳಿದಿರಬೇಕು. ಅದು ತಿರುಗುವಿಕೆಯನ್ನು ತಡೆಯುತ್ತದೆಯೇ ಹೊರತು ಹೆಜ್ಜೆ ಇಟ್ಟಾಗ ಇಡೀ ಮೈ ಮೇಲೆ ಕೆಳಗೆ ಕುಪ್ಪಳಿಸುವುದನ್ನಲ್ಲ. ಅಮೆರಿಕದ ಗ್ಯಾರೆಟ್ ಬ್ರೌನ್ 1970ರ ದಶಕದಲ್ಲಿ ರೂಪಿಸಿದ ಸ್ಟೆಡಿಕ್ಯಾಮ್‌ನಲ್ಲಿ ಮೋಟಾರೇ ಇರಲಿಲ್ಲ. ಸಮತೂಕದ ಕೋಲು, ಮೈಗೆ ಕಟ್ಟಿದ ಅಂಗಿ, ನಡುವೆ ಸ್ಪ್ರಿಂಗ್ ತೋಳು ಇದ್ದವು. ಹೆಜ್ಜೆಯ ಕುಪ್ಪಳಿಕೆಯನ್ನು ನುಂಗುತ್ತಿದ್ದದ್ದು ಆ ತೋಳು. ಇಂದಿನ ಕೈ ಗಿಂಬಲ್‌ನಲ್ಲಿ ಆ ತೋಳಿಲ್ಲ, ಅದರ ಕೆಲಸವನ್ನು ನಮ್ಮ ಮೊಣಕಾಲುಗಳೇ ಮಾಡಬೇಕು. ತುಂಬಿದ ಕೊಡ ಹೊತ್ತವರ ನಡಿಗೆ ನೆನಪಿಸಿಕೊಳ್ಳಿ: ಮೊಣಕಾಲು ಸ್ವಲ್ಪ ಮಡಿಸಿ, ಹಿಮ್ಮಡಿ ಮೆಲ್ಲಗೆ ಊರಿ, ಸಣ್ಣ ಹೆಜ್ಜೆ.

ಹೊಸ ಮೊಬೈಲುಗಳಲ್ಲೇ ಅಲುಗಾಟ ತಡೆಯುವ ವ್ಯವಸ್ಥೆ ಇರುವಾಗ ಗಿಂಬಲ್ ಯಾಕೆ? ಹಗಲಿನಲ್ಲಾದರೆ ಎಷ್ಟೋ ಜನರಿಗೆ ಬೇಡವೇ ಬೇಡ. ಮೊಬೈಲಿನ ಎಲೆಕ್ಟ್ರಾನಿಕ್ ವಿಧಾನ ಚಿತ್ರದ ಅಂಚನ್ನು ಕತ್ತರಿಸಿ, ಉಳಿದ ಭಾಗವನ್ನು ಅತ್ತಿತ್ತ ಸರಿಸಿ ಸರಿಹೊಂದಿಸುತ್ತದೆ. ಬಿಸಿಲಿನಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಕತ್ತಲಲ್ಲಿ ಮಾತ್ರ ಕೈಕೊಡುತ್ತದೆ. ಬೆಳಕು ಕಡಿಮೆಯಾದಷ್ಟೂ ಪ್ರತಿ ಚಿತ್ರಕ್ಕೂ ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ತೆರೆದಿರುತ್ತದೆ, ಅಷ್ಟರಲ್ಲಿ ಕೈ ಅಲುಗಿ ಚಿತ್ರ ಮಸುಕಾಗಿರುತ್ತದೆ. ಮಸುಕಾದದ್ದನ್ನು ಸರಿಸಿ ಪ್ರಯೋಜನವಿಲ್ಲ. ಕಾಸರಗೋಡಿನ ಕಡೆ ದೀವಟಿಗೆ ಬೆಳಕಿನ ಭೂತಕೋಲವನ್ನೋ ಇರುಳಿನ ಪಲ್ಲಕ್ಕಿ ಉತ್ಸವವನ್ನೋ ಚಿತ್ರಿಸುವವರಿಗೆ ಗಿಂಬಲ್ ನಿಜಕ್ಕೂ ದುಡ್ಡಿಗೆ ತಕ್ಕ ಕೆಲಸ ಮಾಡುವುದು ಇಲ್ಲೇ.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ತೂಕ. ಡಿಜೆಐ ಕಂಪನಿಯ ಓಸ್ಮೊ ಮೊಬೈಲ್ 6 ಹೊರುವುದು 170ರಿಂದ 290 ಗ್ರಾಂ ಮೊಬೈಲುಗಳನ್ನು. ಐಫೋನ್ 14 ಪ್ರೊ ಮ್ಯಾಕ್ಸ್ ಒಂದೇ 240 ಗ್ರಾಂ. ಅದಕ್ಕೆ ದಪ್ಪ ಕವರು, ಮೈಕಿನ ರಿಸೀವರು ಸೇರಿದರೆ ಮಿತಿ ದೂರವಿಲ್ಲ. ನಿಮ್ಮ ಮೊಬೈಲನ್ನು ಕವರು ಮೈಕುಗಳ ಸಮೇತ ಅಕ್ಕಸಾಲಿಗರ ತಕ್ಕಡಿಯಲ್ಲೋ ಅಡುಗೆಮನೆಯ ತಕ್ಕಡಿಯಲ್ಲೋ ತೂಗಿ ನೋಡಿಯೇ ಅಂಗಡಿಗೆ ಹೋಗಿ. ಮಿತಿ ಮೀರಿದರೆ ಮೋಟಾರು ನಡುಗುತ್ತದೆ, ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಬರಿದಾಗುತ್ತದೆ. ಮೈಕಿನ ರಿಸೀವರು ಮೊಬೈಲಿನ ಒಂದು ತುದಿಯಲ್ಲಿ ಜೋತುಬಿದ್ದರೂ ಸಮತೋಲ ಕೆಡುತ್ತದೆ. ಸ್ವಿಚ್ ಹಾಕುವ ಮೊದಲೇ ಮೊಬೈಲನ್ನು ಹಿಡಿಯಲ್ಲಿ ಅತ್ತಿತ್ತ ಸರಿಸಿ ಸಮ ಮಾಡಿಕೊಳ್ಳಿ.

ಕನ್ನಡಿರಹಿತ ಕ್ಯಾಮೆರಾ ಇರುವವರ ಲೆಕ್ಕ ಬೇರೆ. ಡಿಜೆಐ ಆರ್‌ಎಸ್ 3 ಮಿನಿ 2 ಕಿಲೊವರೆಗೆ ಹೊರುತ್ತದೆ, ತಾನೇ ಸುಮಾರು 800 ಗ್ರಾಂ ತೂಗುತ್ತದೆ. ಕ್ಯಾಮೆರಾ, ಲೆನ್ಸು ಸೇರಿ ಕಿಲೊ ಇದ್ದರೆ ಕೈಯಲ್ಲಿ ಎರಡು ಕಿಲೊ ಹತ್ತಿರ ಆಯಿತು. ಮೆರವಣಿಗೆ ಮೂರು ಗಂಟೆ ನಡೆಯುತ್ತದೆ ಎಂಬುದನ್ನು ಮರೆಯಬೇಡಿ. ಒಬ್ಬರೇ ಓಡಾಡಿ ಚಿತ್ರಿಸುವವರಿಗೆ ಅದೇ ಕಂಪನಿಯ, 2023ರಲ್ಲಿ ಬಂದ ಓಸ್ಮೊ ಪಾಕೆಟ್ 3 ನಮ್ಮ ಮಟ್ಟಿಗೆ ಹೆಚ್ಚು ಜಾಣತನದ ಆಯ್ಕೆ. ಕ್ಯಾಮೆರಾ, ಗಿಂಬಲ್ ಎರಡೂ ಸೇರಿ ತೂಕ 179 ಗ್ರಾಂ. ಬೆಲೆಯ ಅಂಕಿಗಳನ್ನು ಇಲ್ಲಿ ಹಾಕಿಲ್ಲ. ಹಬ್ಬದ ವಾರ ಒಂದಿದ್ದರೆ ಮರುವಾರ ಇನ್ನೊಂದಿರುತ್ತದೆ.

ಹೋಗುವ ಕಡೆಯನ್ನೂ ಯೋಚಿಸಿ. ತಾಳವಾಡಿ ಬಳಿಯ ಗುಮಟಾಪುರದ ಗೊರೆಹಬ್ಬದಲ್ಲಿ ಸಗಣಿ ಉಂಡೆಗಳು ಹಾರಾಡುವ ನಡುವೆ ಗಿಂಬಲ್ ಹಿಡಿದು ನಿಲ್ಲುವುದು ಬೇಡ. ಸಾಮಾನ್ಯ ಮೊಬೈಲ್ ಗಿಂಬಲ್‌ಗಳಿಗೆ ನೀರು ದೂಳುಗಳಿಂದ ರಕ್ಷಣೆ ಇಲ್ಲ. ಅಲ್ಲಿಗೆ ಗೋಪ್ರೊದಂಥ, ನೀರಿಗೂ ಹೆದರದ ಆ್ಯಕ್ಷನ್ ಕ್ಯಾಮೆರಾ ಸರಿ. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಯಲ್ಲಿ ಎತ್ತರದ ನಂದಿಧ್ವಜಗಳನ್ನು ಬುಡದಿಂದ ತುದಿವರೆಗೆ ತೋರಿಸಬೇಕೆಂದರೆ ಗಿಂಬಲ್‌ನ ಮೋಡ್ ಬದಲಿಸಬೇಕು. ಎಡಬಲ ಮಾತ್ರ ಹಿಂಬಾಲಿಸುವ ಪ್ಯಾನ್ ಫಾಲೊ ಮೋಡ್‌ನಲ್ಲಿ ನೀವು ಹಿಡಿಕೆ ಬಾಗಿಸಿದರೂ ಕ್ಯಾಮೆರಾ ಮೇಲೆ ನೋಡುವುದಿಲ್ಲ. ಬೈಕಿಗೆ ಮೊಬೈಲ್ ಸಿಕ್ಕಿಸಿ ರ‍್ಯಾಲಿ ಚಿತ್ರಿಸುವವರಿಗೆ ಒಂದು ಎಚ್ಚರಿಕೆ: ದೊಡ್ಡ ಎಂಜಿನ್ನಿನ ಬೈಕುಗಳ ಕಂಪನ ಐಫೋನಿನ ಕ್ಯಾಮೆರಾಕ್ಕೆ ಹಾನಿ ಮಾಡಬಹುದೆಂದು ಆ್ಯಪಲ್ ಕಂಪನಿಯೇ 2021ರಲ್ಲಿ ತಿಳಿಸಿದೆ.

ಯಕ್ಷಗಾನಕ್ಕೆ ಗಿಂಬಲ್ ಬೇಡವೆಂದೇ ನಮ್ಮ ಅಭಿಪ್ರಾಯ. ಮುಖವನ್ನು ಹಿಂಬಾಲಿಸುವ ಸೌಲಭ್ಯ ಬಣ್ಣದ ವೇಷವನ್ನು ಮುಖವೆಂದು ಗುರುತಿಸುತ್ತದೆಂದು ನಂಬಿ ಕೂರುವಂತಿಲ್ಲ. ಗುರುತಿಸಿದರೂ ವೇಷಧಾರಿಯ ಹಿಂದೆ ಓಡುವ ಕ್ಯಾಮೆರಾ ಭಾಗವತರನ್ನೂ ಮದ್ದಳೆ ಚೆಂಡೆಗಳನ್ನೂ ಚೌಕಟ್ಟಿನಿಂದ ಹೊರಗೆ ಬಿಡುತ್ತದೆ. ದಾಖಲೆಗೆ ಇಡೀ ರಂಗಸ್ಥಳ ಬೇಕು. ಗಟ್ಟಿ ಟ್ರೈಪಾಡ್ ಹಾಕಿ, ಸೆಕೆಂಡಿಗೆ 25 ಚೌಕಟ್ಟು, ಶಟರ್ 1/50 ಇಟ್ಟುಕೊಳ್ಳಿ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಈ ಲೆಕ್ಕದಲ್ಲಿ ಟ್ಯೂಬ್‌ಲೈಟುಗಳ ಮಿನುಗು ಬಹಳಮಟ್ಟಿಗೆ ಕಾಣುವುದಿಲ್ಲ. ಹಿರಿಯರನ್ನು ಕೂರಿಸಿ ಅವರ ಊರಿನ ಕನ್ನಡದಲ್ಲೇ ಮಾತಾಡಿಸಿ ದಾಖಲಿಸುವುದಿದ್ದರೂ ಹೀಗೆಯೇ. ಅಲ್ಲಿ ಚಿತ್ರಕ್ಕಿಂತ ಧ್ವನಿ ದೊಡ್ಡದು. ಕೈಯಲ್ಲಿರುವ ದುಡ್ಡು ಒಂದಕ್ಕೇ ಸಾಕಾಗುವುದಾದರೆ ಮೊದಲು ಕಾಲರಿಗೆ ಸಿಕ್ಕಿಸುವ ಮೈಕು, ಆಮೇಲೆ ಟ್ರೈಪಾಡ್, ಗಿಂಬಲ್ ಮೂರನೆಯದು. ಅಜ್ಜಿಯ ಮಾತು ಅರ್ಧ ಕೇಳಿಸದಿದ್ದರೆ ಅಲುಗದ ಚಿತ್ರ ಇಟ್ಟುಕೊಂಡು ಏನು ಮಾಡುವುದು?

ಪ್ರತಿ ಮನೆಗೂ ಒಂದು ಗಿಂಬಲ್ ಬೇಕಿಲ್ಲ. ಒಂದು ಊರಿನ ಸದಸ್ಯರು ಸೇರಿ ಒಂದನ್ನು ಕೊಂಡರೆ ಸಾಕು. ಹಾಗೆ ಕೊಳ್ಳುವುದಾದರೆ ಮೊಬೈಲ್ ಹಿಡಿಯ ಅಗಲ ಎಲ್ಲರ ಮೊಬೈಲಿಗೂ ಹೊಂದುತ್ತದೆಯೇ, ಬುಡದಲ್ಲಿ ಟ್ರೈಪಾಡಿನ ಕಾಲಿಂಚಿನ ತಿರುಪು ಕೂರುತ್ತದೆಯೇ ನೋಡಿ. ಡಿಜೆಐ ಗಿಂಬಲ್‌ಗಳನ್ನು ಮೊದಲ ಸಲ ಬಳಸುವಾಗ ಆ್ಯಪ್ ಮೂಲಕ ಇಂಟರ್ನೆಟ್ಟಿನಲ್ಲಿ ಸಕ್ರಿಯಗೊಳಿಸಬೇಕಾಗುತ್ತದೆ. ನೆಟ್‌ವರ್ಕ್ ಸಿಗದ ಊರಿಗೆ ಪೊಟ್ಟಣ ಒಡೆಯದೆ ಒಯ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹಿಂದಿನ ದಿನವೇ ಮನೆಯಲ್ಲಿ ಅದನ್ನು ಮುಗಿಸಿ, ಹಿತ್ತಲಿನಲ್ಲಿ ಹತ್ತು ನಿಮಿಷ ನಡೆದು ಅಭ್ಯಾಸ ಮಾಡಿ. ಚಿತ್ರಿಸಿದ ಮೂಲ ಕಡತವನ್ನು ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಗುಣಮಟ್ಟ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ಕೊಡಿ, ಕಡತದ ಹೆಸರಿನಲ್ಲೇ ಊರು ಮತ್ತು ತಾರೀಖು ಇರಲಿ.