ಮಂದ್ರದಲ್ಲಿ ಗಂಟಲು ಕಾಯ್ದವರು

ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದಾಗ ಕೊಂಢವಾ ಇನ್ನೂ ಊರಾಚೆಯ ಹಳ್ಳಿ. ಈಗ ಅದು ಪುಣೆಯೊಳಗೇ ಸೇರಿಹೋಗಿದೆ. ದಿನವಿಡೀ ಪಾಠ ಹೇಳಿ ಗಂಟಲು ಕಟ್ಟಿಸಿಕೊಂಡ ಇಂದಿನ ಕೊಂಢವಾದ ಶಿಕ್ಷಕಿಯೊಬ್ಬರಿಗೆ ತುಟಿ ಮುಚ್ಚಿ ಮೆಲ್ಲಗೆ ಗುಂಯ್‌ಗುಡಿ, ಸ್ಟ್ರಾದಲ್ಲಿ ಸ್ವರ ಊದಿ ಎಂದು ವೈದ್ಯರು ಹೇಳಿದರೆ ಅವರಿಗದು ಹೊಸ ಚಿಕಿತ್ಸೆ ಎನಿಸೀತು. ಇದರಲ್ಲಿ ಅರ್ಧದಷ್ಟು ಧಾರವಾಡ ಸೀಮೆಯಿಂದ ಪುಣೆಗೆ ಓಡಾಡುತ್ತಿದ್ದ ಗಾಯಕರಿಗೆ ಮೊದಲೇ ಗೊತ್ತಿತ್ತು ಎಂಬುದು ನನ್ನ ವಾದ. ಎಷ್ಟು ಮಾಡಿದರೆ ಸಾಕು ಎಂಬ ಲೆಕ್ಕ ಮಾತ್ರ ಅವರಲ್ಲಿರಲಿಲ್ಲ.

ಆ ಕಾಲದ ಗಂಟಲಿಗೆ ಬೀಳುತ್ತಿದ್ದ ಹೊರೆ ಸಣ್ಣದಲ್ಲ. ಖಾನರ ಶಿಷ್ಯ, ಕುಂದಗೋಳದ ರಾಮಭಾವು ಸವಾಯಿ ಗಂಧರ್ವರೆಂದು ಹೆಸರಾದದ್ದು ಮರಾಠಿ ಸಂಗೀತ ನಾಟಕಗಳಲ್ಲಿ. ಮೈಕಿಲ್ಲದ ರಂಗಮಂದಿರ, ಸರಿರಾತ್ರಿ ದಾಟಿಯೂ ಮುಗಿಯದ ಆಟ, ಹಿಂದಿನ ಸಾಲಿಗೂ ಮುಟ್ಟಬೇಕಾದ ಏರುದನಿ. ಧ್ವನಿತಂತುಗಳು ಒಂದಕ್ಕೊಂದು ಬಡಿದು ಬಡಿದು ಊದಿಕೊಳ್ಳುತ್ತವೆ, ಊದಿದ ತಂತು ಭಾರವಾಗಿ ದನಿ ಗೊಗ್ಗರಾಗುತ್ತದೆ. ಆಗ ಹಾಡುವವರು ಇನ್ನಷ್ಟು ಒತ್ತಿ ಹಾಡುತ್ತಾರೆ, ಊತ ಇನ್ನಷ್ಟು ಹೆಚ್ಚುತ್ತದೆ. ಈ ಸುಳಿಯಿಂದ ಹೊರಬರಲು ಹಿಂದೂಸ್ತಾನಿ ಗುರುಗಳು ಹೇಳಿಕೊಟ್ಟದ್ದು ನಸುಕಿನ ಖರ್ಜ ಸಾಧನೆ: ತಂಬೂರಿಗೆ ಕಿವಿಗೊಟ್ಟು, ಮಂದ್ರದ ಒಂದೇ ಸ್ವರದಲ್ಲಿ ಉಸಿರು ಮುಗಿಯುವವರೆಗೆ ನಿಲ್ಲುವುದು. ಮಂದ್ರ ಷಡ್ಜದಿಂದ ತಾರ ಷಡ್ಜಕ್ಕೆ ಎರಡು ಸಪ್ತಕ. ಅಂದರೆ ಮೇಲೆ ಹಾಡುವಾಗ ತಂತುಗಳು ಸೆಕೆಂಡಿಗೆ ನಾಲ್ಕು ಪಟ್ಟು ಕಂಪಿಸುತ್ತವೆ. ಕೆಳಗೆ ಬಡಿತವೂ ಅಷ್ಟೇ ಕಡಿಮೆ. ತುಟಿ ಮುಚ್ಚಿ ನಾದ ಹೊರಡಿಸಿದಾಗಲಂತೂ ಬಾಯೊಳಗಿನ ಗಾಳಿಯ ಒತ್ತಡ ಹಿಂದಕ್ಕೆ ತಳ್ಳಿ ತಂತುಗಳು ಮೆತ್ತಗೆ ಕೂಡುವಂತೆ ಮಾಡುತ್ತದೆ. ಸ್ಟ್ರಾದ ಕೆಲಸವೂ ಇದೇ.

ಹಾಗಾದರೆ ರಿಯಾಜೆಂದರೆ ಗಂಟೆಗಟ್ಟಲೆ ಬೆವರಿಳಿಸುವ ದುಡಿಮೆಯಲ್ಲವೆ, ಅದನ್ನು ಮೃದು ವ್ಯಾಯಾಮ ಎನ್ನುವುದು ಹೇಗೆ ಎಂದು ಕೇಳಬಹುದು. ಆಕ್ಷೇಪ ಸರಿಯೇ. ಸವಾಯಿ ಗಂಧರ್ವರು ಶಿಷ್ಯ ಭೀಮಸೇನ ಜೋಶಿಯವರಿಗೆ ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ ಎಂದು ದಿನವಿಡೀ ತೀಡಿದರು. ಗಟ್ಟಿ ಗಂಟಲಿಗೆ ಅದು ಒಗ್ಗುತ್ತದೆ, ಊದಿದ ಗಂಟಲಿಗೆ ಒಗ್ಗುವುದಿಲ್ಲ. ಕಟ್ಟಿದ ದನಿಯನ್ನು ಹಾಡಿಯೇ ಬಿಡಿಸಬೇಕೆಂಬ ನಂಬಿಕೆ ಎಷ್ಟು ಎಳೆಯ ಗಂಟಲುಗಳನ್ನು ನುಂಗಿತೋ! ನಮ್ಮ ಪರಂಪರೆಯನ್ನು ಹೊಗಳುವವರು ಈ ಪುಟವನ್ನು ಹಾರಿಸಿಬಿಡುತ್ತಾರೆ. ಇಂದಿನ ಚಿಕಿತ್ಸೆ ಖರ್ಜದ ಗುಣವನ್ನು ಉಳಿಸಿಕೊಂಡು ಹೊತ್ತನ್ನು ಕತ್ತರಿಸಿದೆ. ದಿನಕ್ಕೆ ಹಲವು ಬಾರಿ ಕೆಲವೇ ನಿಮಿಷ, ನೋವು ಕಂಡರೆ ಅಲ್ಲಿಗೇ ನಿಲುಗಡೆ, ನಡುವೆ ಮೌನ ಮತ್ತು ನೀರು. ಪಿಸುಮಾತು ಮೌನವಲ್ಲ, ಅದಕ್ಕೂ ಗಂಟಲು ಬಿಗಿಯುತ್ತದೆ. ಇದೆಲ್ಲ ಪಶ್ಚಿಮದ ವಿಜ್ಞಾನ, ಗಾಯಕರಿಗೇನು ಗೊತ್ತು ಎನ್ನುವವರಿಗೆ ಒಂದು ನೆನಪು: 1854ರಲ್ಲಿ ಪುಟ್ಟ ಕನ್ನಡಿ, ಬಿಸಿಲುಗಳ ಸಹಾಯದಿಂದ ತನ್ನದೇ ಧ್ವನಿತಂತುಗಳ ಆಟ ಕಂಡ ಮಾನುಯೆಲ್ ಗಾರ್ಸಿಯಾ ವೈದ್ಯನಲ್ಲ, ಹಾಡಿನ ಮೇಷ್ಟ್ರು.

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು. ವ್ಯಾಯಾಮದಿಂದ ಎಲ್ಲ ದನಿಯೂ ಮರಳುವುದಾದರೆ ಗಾಯಕಿ ಗಂಗೂಬಾಯಿ ಹಾನಗಲ್ಲರದು ಯಾಕೆ ಮರಳಲಿಲ್ಲ? 1930ರ ದಶಕದ ಅವರ ಗ್ರಾಮಫೋನ್ ತಟ್ಟೆಗಳಲ್ಲಿರುವುದು ತೆಳು, ಏರು ಕಂಠ. ಗಂಟಲಿನ ತೊಂದರೆ, ಅದರ ಚಿಕಿತ್ಸೆಗಳ ನಂತರದ್ದು ಗಂಡುದನಿಯಂಥ ಗಂಭೀರ ಕಂಠ. ಉತ್ತರ ಸರಳ: ಮೃದು ಸಾಧನೆ ಊತವನ್ನು ಇಳಿಸೀತು, ಬದಲಾದ ಗಂಟಲನ್ನು ಮೊದಲಿನಂತೆ ಮಾಡಲಾರದು. ಆದ್ದರಿಂದಲೇ ಎರಡು ಮೂರು ವಾರ ದಾಟಿದರೂ ಗೊಗ್ಗರು ಇಳಿಯದಿದ್ದರೆ ಗುಂಯ್‌ಗುಡುತ್ತ ಕೂರದೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಬೇಕು. ಗಂಗೂಬಾಯಿ ಹಳೆಯ ದನಿಯ ಬೆನ್ನು ಹತ್ತಲಿಲ್ಲ; ಶ್ರುತಿ ಇಳಿಸಿ, ಹೊಸ ಕಂಠಕ್ಕೆ ಒಪ್ಪುವ ನಿಧಾನದ ಬಢತ್, ಅಂದರೆ ರಾಗ ಬೆಳೆಸುವ ಬಗೆ, ಕಟ್ಟಿಕೊಂಡರು. ಪಕ್ಕದಲ್ಲಿ ಮಗಳು ಕೃಷ್ಣಾ ದನಿಗೂಡಿಸುತ್ತಿದ್ದರು.